ಅಜ್ಜನ ಉತಾರ, ಅತ್ತಿಯರ ಹೆಸರು

‘ಪಂಚಮಿಗೆ ಕರಿಯಾಕ ಬಂದೀಯೋ, ಸಹಿ ಮಾಡಿಸ್ಕೊಂಡು ಹೋಗಾಕ ಬಂದೀಯೋ?’

ಸವಣೂರತ್ತಿ ಹೀಗೆ ಕೇಳಿದಾಗ ನಾನಿನ್ನೂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಿರಲಿಲ್ಲ. ಒಂದು ಕೈಯಲ್ಲಿ ಸೀರೆ, ಬಾಳೆಹಣ್ಣು, ಅವ್ವ ಕೊಟ್ಟ ಶೇಂಗಾ ಉಂಡಿಯ ಡಬ್ಬಿ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಅದರಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿದ ಮೂರು ಒಪ್ಪಿಗೆ ಪತ್ರಗಳಿದ್ದವು. ಅವುಗಳಲ್ಲಿ ಒಂದಕ್ಕೆ ಆಗಲೇ ಶಿಗ್ಗಾಂವಿ ಅತ್ತಿಯ ಸಹಿ ಬಿದ್ದಿತ್ತು. ಶಿಗ್ಗಾಂವಿಯಿಂದ ಸವಣೂರಿಗೆ ನನ್ನ ಸ್ಕೂಟರಿಗಿಂತ ವಾಟ್ಸ್‌ಆ್ಯಪ್ ಬೇಗ ತಲುಪಿತ್ತು.

ಹಾನಗಲ್ ತಾಲೂಕಿನ ನಮ್ಮೂರಲ್ಲಿ ಅಜ್ಜನ ಹೆಸರಲ್ಲಿ 4 ಎಕರೆ 8 ಗುಂಟೆ ಹೊಲ ಇದೆ. ಅಜ್ಜ ಸ್ವಂತ ದುಡಿದು, ಖರೀದಿ ಹಾಕಿಸಿಕೊಂಡದ್ದು. ಅವರು ತೀರಿಹೋದದ್ದು 1998ರಲ್ಲಿ. ಧಾರವಾಡ ಜಿಲ್ಲೆ ಒಡೆದು 1997ರ ಆಗಸ್ಟ್ 24ಕ್ಕೆ ಹಾವೇರಿ ಬೇರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದಳು. ಆಮೇಲೆ ಹೊಲ ಊಳಿದ್ದು, ಬಿತ್ತಿದ್ದು, ಸಾಲ ಮಾಡಿದ್ದು, ತೀರಿಸಿದ್ದು ಎಲ್ಲ ಅಪ್ಪ. ಆದರೆ ಉತಾರದಲ್ಲಿ ಅಜ್ಜ ಇನ್ನೂ ಬದುಕೇ ಇದ್ದರು.

ಉತಾರ ಅಂದರೆ ಪಹಣಿ. ನಮ್ಮ ಕಡೆ ಮುಂಬೈ ಸರ್ಕಾರದ ಕಾಲದಿಂದಲೂ ಬಂದ ಹೆಸರು ಅದು. ಬೆಂಗಳೂರಲ್ಲಿ ಹುಟ್ಟಿ ಬೆಳೆದ ನನ್ನ ಟೀಮ್‌ಮೇಟ್‌ಗೆ ಆರ್‌ಟಿಸಿ ಅಂದರೇ ಅರ್ಥವಾಗೋದು. ಅದರ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 11ರಲ್ಲಿ ಹೊಲದ ಮೇಲಿನ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ, ಬೆಳೆ. ಮನೆಯಲ್ಲಿ ಯಾರೂ ಇಷ್ಟು ವರ್ಷ 9ನೇ ಕಾಲಂ ಮುಟ್ಟಿರಲಿಲ್ಲ. ಮುಟ್ಟುವ ಜರೂರು ಬಂದಿರಲಿಲ್ಲ ಅಂತ ಅಪ್ಪ ಹೇಳುತ್ತಾರೆ. ಜರೂರು ಬಂದಿತ್ತು, ಧೈರ್ಯ ಇರಲಿಲ್ಲ ಅಂತ ಅವ್ವ ಹೇಳುತ್ತಾಳೆ.

2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿ ಹರಿದಾಗ ನಮ್ಮ ಗೋವಿನಜೋಳ ಪೂರ್ತಿ ಕೊಳೆಯಿತು. ಪರಿಹಾರದ ಹಣ ಈಗ ಮೊದಲಿನಂತೆ ಚೆಕ್ಕಿನಲ್ಲಿ ಬರುವುದಿಲ್ಲ. ಪಹಣಿಯ ಹೆಸರು, ಆಧಾರ್, ಬ್ಯಾಂಕ್ ಖಾತೆ ಮೂರೂ ಹೊಂದಿಕೊಂಡ ಮೇಲೆ ನೇರ ಖಾತೆಗೆ ಬೀಳುತ್ತದೆ. ಸತ್ತವರಿಗೆ ಆಧಾರ್ ಎಲ್ಲಿಂದ ತರೋದು? 1998ರಲ್ಲಿ ಆಧಾರ್ ಅನ್ನುವ ಪದವೇ ಈ ಅರ್ಥದಲ್ಲಿ ಇರಲಿಲ್ಲ. ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲಕ್ಕೂ ಇದೇ ತೊಡಕು. ಊರಲ್ಲಿ ಪರಿಹಾರದ ಎಸ್‌ಎಂಎಸ್‌ಗಳು ಟಿಂಗ್ ಟಿಂಗ್ ಅನ್ನುವಾಗ ಅಪ್ಪ ತಮ್ಮ ಫೋನನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದ್ದರಂತೆ, ನೆಟ್‌ವರ್ಕ್ ಇಲ್ಲವೇನೋ ಅಂತ.

ಎರಡನೇ ಪರದೆ

ಅಪ್ಪನಿಗೆ ಸರ್ಕಾರದ ಹೊಸ ಪದ್ಧತಿಗಳ ಮೇಲೆ ಸಿಟ್ಟಿಲ್ಲ. ಬದಲಿಗೆ ಒಂಥರಾ ಭಕ್ತಿ. ಕೈಬರಹದ ಉತಾರದ ಕಾಲವನ್ನು ಕಂಡವರು ಅವರು. ದಪ್ತರ ಪೂರ್ತಿ ತಲಾಟಿಯ ಚೀಲದಲ್ಲಿ, ತಲಾಟಿ ಯಾವ ಊರಲ್ಲಿದ್ದಾರೋ ಆ ಊರಲ್ಲಿ. ಅವರು ಬರೆದದ್ದೇ ಅಕ್ಷರ, ಅವರು ಹೇಳಿದ್ದೇ ವಾರ. ಆಮೇಲೆ 2000ದ ಆಸುಪಾಸಿನಲ್ಲಿ ‘ಭೂಮಿ’ ಬಂತು. ರಾಜ್ಯದ ಸುಮಾರು 67 ಲಕ್ಷ ಖಾತೆದಾರರ ಹತ್ತಿರಹತ್ತಿರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಕೈಬರಹದ ಪ್ರತಿ ಇನ್ನು ನಡೆಯೋದಿಲ್ಲ ಅಂತ ಸಾರಿದರು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಉತಾರ.

ಆ ಕಿಟಕಿಯಲ್ಲಿ ಅಪ್ಪನಿಗೆ ನೆನಪಿರೋದು ಪ್ರಿಂಟರ್ ಅಲ್ಲ, ಎರಡನೇ ಪರದೆ. ಭೂಮಿ ಕೇಂದ್ರಗಳಲ್ಲಿ ನೌಕರರ ಮುಂದೊಂದು ಮಾನಿಟರ್, ರೈತರ ಕಡೆಗೆ ಮುಖ ಮಾಡಿ ಇನ್ನೊಂದು ಮಾನಿಟರ್ ಇಟ್ಟಿದ್ದರು. ಒಳಗಿನವರು ನೋಡುತ್ತಿರುವುದನ್ನೇ ಹೊರಗಿನವರೂ ನೋಡಬಹುದು. ‘ನನ್ನ ಹೊಲದ ನಂಬರ್ ಅವರಿಗೂ ನನಗೂ ಒಮ್ಮಿಗೇ ಕಂಡಿತ್ತು ನೋಡು’ ಅಂತ ಅಪ್ಪ ಈಗಲೂ ಹೇಳುತ್ತಾರೆ. ಆಡಳಿತ ಸುಧಾರಣೆ ಅಂತ ದಪ್ಪ ದಪ್ಪ ವರದಿಗಳಲ್ಲಿ ಬರೆಯುವುದು ಕೊನೆಗೆ ಹೀಗೆ ಒಂದು ಮಾನಿಟರ್ ಯಾವ ಕಡೆ ತಿರುಗಿದೆ ಅನ್ನುವುದರಲ್ಲೇ ಇರುತ್ತದೇನೋ. ಕಣ್ಣಿಗೆ ಕಾಣದ ಇನ್ನೆರಡು ಕೆಲಸಗಳೂ ಅದರ ಹಿಂದೆ ಇದ್ದವು. ನೌಕರರು ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಯಾರು ಏನು ತಿದ್ದಿದರು ಅನ್ನುವುದು ಉಳಿಯಬೇಕು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲೇ ಹೋಗಬೇಕು, ನಡುವೆ ಯಾರನ್ನೂ ತೂರಿಸುವಂತಿಲ್ಲ.

ಆದರೆ ‘ಭೂಮಿ’ ಒಂದು ಕೆಲಸ ಮಾಡಲಿಲ್ಲ, ಮಾಡಲು ಸಾಧ್ಯವೂ ಇರಲಿಲ್ಲ. ದಪ್ತರದಲ್ಲಿ ಏನಿತ್ತೋ ಅದನ್ನೇ ಅದು ಎತ್ತಿಕೊಂಡಿತು. ಅಜ್ಜ ಕೈಬರಹದಿಂದ ಕಂಪ್ಯೂಟರಿಗೆ ಬಂದರು, ಕಂಪ್ಯೂಟರಿನಿಂದ ಈಗ ನನ್ನ ಫೋನಿಗೂ ಬಂದಿದ್ದಾರೆ. ಬೆಂಗಳೂರಿನ ಮೆಟ್ರೋದಲ್ಲಿ ನಿಂತುಕೊಂಡೇ ನಾನು ಸರ್ವೆ ನಂಬರ್ ಹಾಕಿ ಅವರ ಹೆಸರು ನೋಡಬಹುದು. ಊರಿಗೆ ಹೋದಾಗ ಬದುವಿನ ಮೇಲೆ ನಿಂತು ‘ದಿಶಾಂಕ್’ ಆ್ಯಪ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ತಾನಾಗಿ ತೋರಿಸುತ್ತದೆ. ಎಲ್ಲವೂ ಹೊಸದು, 9ನೇ ಕಾಲಂ ಒಂದನ್ನು ಬಿಟ್ಟು.

ಹೊಲ ಮಾರಿದರೆ ಈ ತೊಂದರೆ ಇಲ್ಲ. ಉಪನೋಂದಣಿ ಕಚೇರಿಯಲ್ಲಿ ಖರೀದಿಪತ್ರ ನೋಂದಣಿಯಾದ ಕೂಡಲೇ ಮಾಹಿತಿ ‘ಭೂಮಿ’ಗೆ ಹೋಗಿ ಹಕ್ಕು ಬದಲಾವಣೆ ಶುರುವಾಗುತ್ತದೆ. ಮಾರಿದರೆ ದಾಖಲೆ ತಾನೇ ಓಡುತ್ತದೆ. ಸತ್ತರೆ ಮನೆಯವರು ಓಡಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಮು ನೋಡಿದರೆ ಆಶ್ಚರ್ಯವಾಗುತ್ತದೆ: ವಾರಸುದಾರರು ಮೂರು ತಿಂಗಳೊಳಗೆ ವರದಿ ಕೊಡಬೇಕು, ಬಾಯಿಮಾತಿನಲ್ಲಿ ಹೇಳಿದರೂ ನಡೆಯುತ್ತದೆ ಅಂತಿದೆ. ನಮ್ಮ ಕಡೆ ಅದಕ್ಕೆ ‘ವರ್ದಿ ಕೊಡೋದು’ ಅಂತಾರೆ. ಮೂರು ತಿಂಗಳಲ್ಲಿ ಬಾಯಿಮಾತಲ್ಲಿ ಮುಗಿಯಬಹುದಾಗಿದ್ದ ಕೆಲಸ ನಮ್ಮ ಮನೆಯಲ್ಲಿ ಕಾಲು ಶತಮಾನ ದಾಟಿತ್ತು. ನಮ್ಮದೊಂದೇ ಮನೆಯಲ್ಲ. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಹೊಲಗಳು ಸತ್ತವರ ಹೆಸರಲ್ಲೇ ಇರುವುದು ಸರ್ಕಾರದ ಕಣ್ಣಿಗೂ ಬಿತ್ತು. ಪೌತಿ ಖಾತೆಯ ಆಂದೋಲನಗಳು ನಡೆಯುತ್ತಿರುವುದು ಅದಕ್ಕೇ.

‘ಹೆಣ್ಮಕ್ಕಳು ಎಷ್ಟು?’

ಮೊದಲ ಅರ್ಜಿ ನಾವು ಹಾಕಿದ್ದು ತಪ್ಪಾಗಿಯೇ. ಇದನ್ನು ಮುಚ್ಚಿಡುವುದಿಲ್ಲ.

ಪೌತಿ ಖಾತೆಗೆ ಮುಖ್ಯವಾಗಿ ಬೇಕಾದದ್ದು ಎರಡು: ಮರಣ ಪ್ರಮಾಣಪತ್ರ, ವಂಶವೃಕ್ಷ. ಅಜ್ಜನ ಸಾವು ಆಗಲೇ ದಾಖಲಾಗಿತ್ತು, ಪುಣ್ಯ. ದಾಖಲಾಗದೆ ವರ್ಷ ದಾಟಿದ್ದರೆ ಮೊದಲೆಲ್ಲ ಕೋರ್ಟಿಗೆ ಹೋಗಿ ಮ್ಯಾಜಿಸ್ಟ್ರೇಟರ ಆದೇಶ ತರಬೇಕಿತ್ತು. 2023ರ ಕೇಂದ್ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಬಂದಿದೆ. ವಂಶವೃಕ್ಷಕ್ಕೆ ಪ್ರಮಾಣಪತ್ರ ಮಾಡಿಸಿ ಅರ್ಜಿ ಹಾಕಬೇಕು. ಅಪ್ಪನಿಗೆ ಪರಿಚಯದ ಒಬ್ಬರು ಅದನ್ನು ಬರೆದುಕೊಟ್ಟರು. ಅಜ್ಜ, ಅಜ್ಜಿ, ಅವರ ಕೆಳಗೆ ಒಂದು ಗೆರೆ, ಗೆರೆಯ ತುದಿಗೆ ಅಪ್ಪನ ಹೆಸರು. ಮರಕ್ಕೆ ಒಂದೇ ಟೊಂಗೆ. ‘ಹೆಣ್ಮಕ್ಕಳನ್ನ ಹಾಕಿದ್ರ ಸುಮ್ನ ಉದ್ದ ಆಗತೈತ್ರಿ’ ಅಂದರಂತೆ. ನಾನು ಬೆಂಗಳೂರಿನಿಂದ ಫೋನಿನಲ್ಲಿ ಆ ಕಾಗದದ ಫೋಟೋ ನೋಡಿದ್ದೆ. ಅಜ್ಜನ ಹೆಸರಿನ ಕಾಗುಣಿತ ಸರಿಯಿದೆಯಾ ಅಂತ ಜೂಮ್ ಮಾಡಿ ನೋಡಿದೆ. ಮೂವರು ಅತ್ತಿಯರು ಕಾಣೆಯಾಗಿದ್ದು ನನಗೆ ಕಾಣಲೇ ಇಲ್ಲ. ದಿನವಿಡೀ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ನೌಕರಿ!

ತಪ್ಪು ಹಿಡಿದವರು ಊರಿನ ಗ್ರಾಮ ಆಡಳಿತ ಅಧಿಕಾರಿ. ಮೊದಲು ಕುಲಕರ್ಣಿ, ಆಮೇಲೆ ತಲಾಟಿ, ಆಮೇಲೆ ಗ್ರಾಮ ಲೆಕ್ಕಾಧಿಕಾರಿ, ಈಗ ಈ ಹೆಸರು. ನನ್ನಷ್ಟೇ ವಯಸ್ಸಿನ ಹುಡುಗಿ, ಬೇರೆ ಜಿಲ್ಲೆಯವರು, ಸ್ಕೂಟಿಯಲ್ಲಿ ಬರುತ್ತಾರೆ. ಪಂಚನಾಮೆಗೆ ಬಂದವರು ಅಪ್ಪನನ್ನು ಏನೂ ಕೇಳದೆ ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರಂತೆ: ‘ಅಜ್ಜೀ, ಈ ಮನಿಗೆ ಹೆಣ್ಮಕ್ಕಳು ಎಷ್ಟು?’ ಅಜ್ಜಿ ಮೂರು ಬೆರಳೆತ್ತಿ, ಯಾರು ಯಾವ ಊರಿಗೆ ಹೋಗಿದ್ದಾರೆ, ಯಾರಿಗೆ ಎಷ್ಟು ಮಕ್ಕಳು ಅನ್ನುವುದನ್ನೂ ಸೇರಿಸಿ ಹೇಳಿದಳು. ಅರ್ಜಿ ತಿರಸ್ಕೃತವಾಯಿತು. ಕಾರಣದ ಜಾಗದಲ್ಲಿ ‘ಎಲ್ಲ ವಾರಸುದಾರರನ್ನು ತೋರಿಸಿರುವುದಿಲ್ಲ’ ಎಂಬ ಅರ್ಥದ ಒಂದು ಸಾಲು.

ಅಪ್ಪ ಸಿಟ್ಟಾದರು. ನಾನು ಮೊದಲು ಮಾಡಿದ್ದು ಸಕಾಲದ ನಿಯಮ ಹುಡುಕಿದ್ದು, ಮೇಲ್ಮನವಿ ಹಾಕಬಹುದಾ ಅಂತ.

ಸಕಾಲದ ಬಗ್ಗೆ ಎರಡು ಮಾತು ಹೇಳಲೇಬೇಕು. ಅರ್ಜಿಗೆ ಗಡುವು ಕಟ್ಟುವ ಯೋಚನೆ ಹೊಸದೇನಲ್ಲ. ಬ್ರಿಟನ್‌ನಲ್ಲಿ 1991ರಲ್ಲಿ ನಾಗರಿಕ ಸನ್ನದು ತಂದರು, ನಮ್ಮಲ್ಲಿ 1997ರಿಂದ ಕಚೇರಿ ಗೋಡೆಗಳ ಮೇಲೆ ಆ ಸನ್ನದಿನ ಬೋರ್ಡುಗಳು ಬಂದವು. ಬೋರ್ಡಿಗೆ ಧೂಳು ಹಿಡಿದರೆ ಕೇಳುವವರಿರಲಿಲ್ಲ. 2010ರಲ್ಲಿ ಮಧ್ಯಪ್ರದೇಶ ಅದನ್ನು ಕಾನೂನನ್ನಾಗಿ ಮಾಡಿತು. ಕರ್ನಾಟಕ 2011ರಲ್ಲಿ ಕಾಯ್ದೆ ತಂದು, 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯಪೂರ್ತಿ ‘ಸಕಾಲ’ ಶುರುಮಾಡಿತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆ, ಇಂಥ ದಿನದೊಳಗೆ ಅನ್ನುವ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. 20 ರೂಪಾಯಿ ದೊಡ್ಡದಲ್ಲ, ಅದನ್ನು ಕೇಳಿ ಪಡೆದವರನ್ನು ನಾನಂತೂ ಕಂಡಿಲ್ಲ. ಆದರೆ ಸ್ವೀಕೃತಿಯಲ್ಲೊಂದು ತಾರೀಖು ಇದೆ ಅನ್ನುವುದೇ ದೊಡ್ಡದು. ‘ನಾಳಿ ಬರ್ರಿ’ ಅನ್ನುವ ಮಾತಿಗೆ ತಾರೀಖು ಇರಲಿಲ್ಲ.

ಇದರಲ್ಲೊಂದು ಸಂದು ಇದೆ. ಕಾರಣ ಬರೆದು ತಿರಸ್ಕರಿಸಿದರೂ ಅರ್ಜಿ ವಿಲೇವಾರಿಯಾದಂತೆಯೇ. ಗಡಿಯಾರ ನಿಲ್ಲುತ್ತದೆ. ಗಡುವು ಹತ್ತಿರ ಬಂದಾಗ ಯಾವುದೋ ಸಣ್ಣ ಕಾಗದದ ನೆಪದಲ್ಲಿ ತಿರಸ್ಕರಿಸಿದರೆ ಲೆಕ್ಕದಲ್ಲಿ ಅದೂ ಸಕಾಲದಲ್ಲೇ ಆದ ಕೆಲಸ. ಆದ್ದರಿಂದ ನಾನು ಮೊದಲು ಅನುಮಾನಪಟ್ಟಿದ್ದು ಆ ಹುಡುಗಿಯನ್ನೇ. ಮೇಲ್ಮನವಿಯ ಒಕ್ಕಣೆ ಬರೆಯಲು ಕೂತು, ‘ನಮ್ಮ ವಂಶವೃಕ್ಷ ಸರಿಯಿದ್ದು’ ಅಂತ ಟೈಪ್ ಮಾಡುವಾಗ ಬೆರಳು ನಿಂತಿತು. ಸರಿಯಿರಲಿಲ್ಲವಲ್ಲ.

ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಸರ್ಕಾರದ ಒಂದು ನಮೂನೆ ಕೇಳಿತ್ತು.

ಮೂರು ಒಪ್ಪಿಗೆ ಪತ್ರ

ಎರಡನೇ ಸಲ ವಂಶವೃಕ್ಷದಲ್ಲಿ ಮೂವರೂ ಬಂದರು. ಪರಿಚಯದವರು ಹೊಸ ಉಪಾಯ ಹೇಳಿದರು: ಅತ್ತಿಯರಿಂದ ‘ಅಣ್ಣನ ಒಬ್ಬನ ಹೆಸರಿಗೇ ಖಾತೆಯಾಗಲು ನಮ್ಮ ತಕರಾರಿಲ್ಲ’ ಅಂತ ಒಪ್ಪಿಗೆ ಬರೆಸಿಕೊಂಡುಬಿಡಿ. ಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಯಾರಾದರೂ ಹೋಗಿ ಕರೆಯಬೇಕು. ತಮ್ಮನಿಗೆ ರಜೆ ಸಿಗಲಿಲ್ಲ. ನಾನು ಒಂದು ವಾರ ವರ್ಕ್ ಫ್ರಂ ಹೋಮ್ ತಗೊಂಡಿದ್ದೆ. ಕರೆಯೋದೂ ಆಯಿತು, ಸಹಿಯೂ ಆಯಿತು ಅಂತ ಅಪ್ಪನ ಲೆಕ್ಕ.

ಶಿಗ್ಗಾಂವಿ ಅತ್ತಿ ದೊಡ್ಡವಳು. ಕಾಗದ ಓದಲೂ ಇಲ್ಲ. ‘ಎಲ್ಲಿ ಹಾಕಬೇಕು ಹೇಳವಾ’ ಅಂದು, ಒಲೆಯ ಮೇಲಿನ ಹಾಲು ಉಕ್ಕದಂತೆ ಒಂದು ಕಣ್ಣಿಟ್ಟುಕೊಂಡೇ ಸಹಿ ಹಾಕಿದಳು. ನನಗೆ ಅದು ಸುಲಭವಾಯಿತು ಅನ್ನಿಸಲಿಲ್ಲ.

ಅಲ್ಲಿಂದ ಬಂಕಾಪುರ ದಾಟಿ ಸವಣೂರಿಗೆ ಹೋದೆ. ಈ ದಾರಿಯಲ್ಲಿ ಆಡಳಿತದ ಹಳೇ ಗೆರೆಗಳು ಒಂದರ ಮೇಲೊಂದು ಬಿದ್ದಿವೆ. ಮುಂಬೈ ಸರ್ಕಾರದ ಕಾಲದಲ್ಲಿ ಶಿಗ್ಗಾಂವಿ ತಾಲೂಕಿನ ಹೆಸರು ಬಂಕಾಪುರ, ಕಚೇರಿ ಮಾತ್ರ ಶಿಗ್ಗಾಂವಿಯಲ್ಲಿ. ಹಿರೇಕೆರೂರಿನದು ಕೋಡ ತಾಲೂಕು. ಸವಣೂರು ನವಾಬರ ಸಂಸ್ಥಾನ, ಭಾರತಕ್ಕೆ ಸೇರಿದ್ದು 1948ರಲ್ಲಿ. ಹಳೇ ಕಾಗದ ಹುಡುಕುವವರಿಗೆ ಈ ಹೆಸರುಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಹಳೆಯ ಖರೀದಿಪತ್ರದಲ್ಲಿ ‘ತಾಲೂಕು ಕೋಡ’ ಅಂತ ಕಂಡರೆ ಗಾಬರಿಯಾಗಬೇಡಿ.

ಸವಣೂರತ್ತಿಯ ಮನೆಯಲ್ಲಿ ನಾನು ಚಹಾ ಕುಡಿಯುವಷ್ಟು ಹೊತ್ತೂ ಅವಳು ಕಾಗದ ಓದಿದಳು. ಏಳನೇ ಇಯತ್ತೆ ಓದಿದವಳು. ಬೆರಳಿಟ್ಟು ಸಾಲು ಸಾಲು ಓದಿ, ಮಡಚಿ, ನನ್ನ ತೊಡೆಯ ಮೇಲಿಟ್ಟಳು.

‘ನನಗ ಹೊಲ ಬ್ಯಾಡ ತಂಗೀ. ನಿಮ್ಮಪ್ಪ ಕಷ್ಟಪಟ್ಟಾನ, ಗೊತ್ತೈತಿ. ಆದ್ರ ನಮ್ಮಪ್ಪಗ ಮೂರು ಹೆಣ್ಮಕ್ಕಳು ಇದ್ದಿಲ್ಲ ಅಂತ ಮೊದಲ ಬರದಿದ್ರಂತ. ಈಗ ಇದ್ದಾರ, ಆದ್ರ ಇರೂದು ಬ್ಯಾಡ ಅಂತ ನಾನ ಬರಕೊಡಬೇಕ? ಒಂದ್ಸಲ ನನ್ನ ಹೆಸರು ಅದರಾಗ ಬರಲಿ. ಬಿಡೂದಾದ್ರ ಆಮ್ಯಾಲ ನಾನ ಬಿಡ್ತೇನಿ.’

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: ‘ನಿನಗೂ ತಮ್ಮ ಅದಾನಲ್ಲ?’

ನಾನು ಕಾಗದ ಬ್ಯಾಗಿಗೆ ಹಾಕಿಕೊಂಡೆ. ಮೊದಲ ಅರ್ಜಿಯ ಸುದ್ದಿ ಅವಳಿಗೆ ಹೇಗೆ ತಿಳಿಯಿತು ಅಂತ ಕೇಳುವ ಅಗತ್ಯ ಇರಲಿಲ್ಲ. ಪಕ್ಕದ ಮನೆಯ ಅಜ್ಜಿಗೂ ಫೋನ್ ಇದೆ. ಹೊರಡುವಾಗ ಅತ್ತಿ ಒಂದು ದೊಡ್ಡ ಪೊಟ್ಟಣ ಸವಣೂರು ಖಾರ ಕೊಟ್ಟಳು. ಸಿಟ್ಟಿದ್ದರೆ ಕೊಡುತ್ತಿರಲಿಲ್ಲ ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಆ ರಾತ್ರಿ ವಕೀಲಿ ಮಾಡುವ ಗೆಳತಿಗೆ ಫೋನ್ ಮಾಡಿದೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕಂದರೆ ನಿಮ್ಮಲ್ಲಿ ಹಲವರ ಮನೆಯಲ್ಲೂ ಇಂಥದ್ದೇ ಕಾಗದ ಟೈಪ್ ಆಗುತ್ತಿರಬಹುದು. ಅಜ್ಜನ ಸ್ವಂತ ಗಳಿಕೆಯ ಆಸ್ತಿ, ಉಯಿಲು ಇಲ್ಲ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಮಗನೂ ಮಗಳೂ ಸಮ. ಮದುವೆಯಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಬರುವುದಿಲ್ಲ. ಪಿತ್ರಾರ್ಜಿತ ಆಸ್ತಿಯ ದಾರಿ ಬೇರೆ: ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳನ್ನು ಸೇರಿಸಿತಾದರೂ ಆಗಾಗಲೇ ಮದುವೆಯಾದವರನ್ನು ಹೊರಗಿಟ್ಟಿತು; 2005ರ ಕೇಂದ್ರ ತಿದ್ದುಪಡಿ ಎಲ್ಲರನ್ನೂ ಒಳಗೆ ತಂದಿತು; ತಂದೆ 2005ಕ್ಕೆ ಮೊದಲೇ ತೀರಿಹೋಗಿದ್ದರೂ ಮಗಳ ಹಕ್ಕಿಗೆ ಅಡ್ಡಿಯಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ಆ ಒಪ್ಪಿಗೆ ಪತ್ರ? ಸ್ಥಿರಾಸ್ತಿಯಲ್ಲಿನ ಹಕ್ಕು ಬಿಡಬೇಕಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಛಾಪಾ ಕಾಗದದ ಸಹಿಯಿಂದ ಅತ್ತಿಯರ ಹಕ್ಕು ಹೋಗುವುದಿಲ್ಲ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವವೂ ಸಿಗುವುದಿಲ್ಲ. ಬೇರೆ ರುಜುವಾತು ಬರುವವರೆಗೆ ಅದು ನಿಜವೆಂದು ಭಾವಿಸಬೇಕು ಅಂತಷ್ಟೇ ಕಾನೂನು.

‘ಹಂಗಾದ್ರ ನಾಳೆ ಜಗಳ ಬಂದ್ರ?’ ಅಂದೆ.

‘ನಾಳೆ ಯಾಕ, ನೀ ಈಗಾಗಲೇ ಬ್ಯಾಗಿನಾಗ ಇಟ್ಕೊಂಡು ಅಡ್ಡಾಡಾಕತ್ತೀಯಲ್ಲ’ ಅಂದಳು.

ಮರುದಿನ ತಿಳವಳ್ಳಿ, ಚಿಕ್ಕೇರೂರು ದಾರಿಯಲ್ಲಿ ಹಿರೇಕೆರೂರಿಗೆ ಹೋದಾಗ ಬ್ಯಾಗು ಒಯ್ಯಲಿಲ್ಲ. ಬರೀ ಸೀರೆ, ಹಣ್ಣು, ಉಂಡಿ. ಹಿರೇಕೆರೂರತ್ತಿ ಬಾಗಿಲಲ್ಲೇ ನಿಂತು ನನ್ನ ಬೆನ್ನು ನೋಡಿದಳು, ಬ್ಯಾಗು ಹುಡುಕುವಂತೆ. ಇಲ್ಲದ್ದನ್ನು ಕಂಡು, ‘ಬಾ ಒಳಗ’ ಅಂದಳು.

ಜೀರೋ ಟಿಕೆಟ್

ಪಂಚಮಿಗೆ ಮೂವರೂ ಬಂದರು, ಬಸ್ಸಿನಲ್ಲಿ, ಜೀರೋ ಟಿಕೆಟ್ ಹಿಡಿದು. ಇದನ್ನು ತಮಾಷೆಗೆ ಹೇಳುತ್ತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಅತ್ತಿಯರ ತಿರುಗಾಟಕ್ಕೆ ಯಾರ ಕೈಯನ್ನೂ ನೋಡಬೇಕಿಲ್ಲ. ಹಾಗೇ ಗೃಹಲಕ್ಷ್ಮಿ. ಅದಕ್ಕೆ ಹೆಸರು ಬರೆಸುವಾಗ ಮೂವರೂ ತಮ್ಮ ತಮ್ಮ ಊರಿನ ಗ್ರಾಮ ಒನ್ ಕೇಂದ್ರದಲ್ಲಿ ಸರತಿ ನಿಂತವರು. 2022ರ ಜನವರಿ 26ರಂದು ಶುರುವಾದ ಗ್ರಾಮ ಒನ್‌ನಲ್ಲಿ ಊರಿನ ಹುಡುಗನೋ ಹುಡುಗಿಯೋ ಕೂತಿರುತ್ತಾರೆ, ಪರಿಚಯದ ಮುಖ. ಗೃಹಲಕ್ಷ್ಮಿ ಬೇಕೋ ಬೇಡವೋ ಅನ್ನುವ ವಾದ ಟಿವಿಯಲ್ಲಿ ನಡೆಯಲಿ. ನಾನು ಕಂಡದ್ದು ಹೇಳುತ್ತೇನೆ. ಚಾವಡಿಯ ಮೆಟ್ಟಿಲನ್ನೇ ಹತ್ತದಿದ್ದ ಹೆಂಗಸರು ಈಗ ‘ಇ-ಕೆವೈಸಿ ಆಗೇತೇನ?’, ‘ಆಧಾರ್ ಲಿಂಕ್ ಐತೇನ?’ ಅಂತ ಒಬ್ಬರನ್ನೊಬ್ಬರು ಕೇಳುತ್ತಾರೆ. ಹೆಬ್ಬೆರಳು ಹತ್ತದಿದ್ದರೆ ಕೈ ಒರೆಸಿಕೊಂಡು ಮತ್ತೆ ಇಡಬೇಕು ಅಂತ ಸವಣೂರತ್ತಿಯೇ ಅಪ್ಪನಿಗೆ ಹೇಳಿಕೊಟ್ಟಳು.

ಅಪ್ಪ ಮೂರು ದಿನ ನನ್ನ ಜೊತೆ ಮಾತಾಡಿರಲಿಲ್ಲ. ಅವರ ಭಯ ಸುಳ್ಳೇನಲ್ಲ. ನಾಲ್ಕು ಭಾಗವಾದರೆ ತಲಾ 1 ಎಕರೆ 2 ಗುಂಟೆ. ‘ಹೆಸರು ಹತ್ತಿದ ಮ್ಯಾಲ ನಾಳೆ ಅಳಿಯಂದಿರು ಬಂದು ಬದುವಿನ ಮ್ಯಾಲ ನಿಂದ್ರಲಿಲ್ಲ ಅಂದ್ರ ಕೇಳು’ ಅಂತ ಅವ್ವನ ಮುಂದೆ ಹೇಳಿದ್ದರು. ಪಂಚಮಿಯ ದಿನ ಜೋಕಾಲಿ ಕಟ್ಟಿ, ಊಟ ಮುಗಿದ ಮೇಲೆ ನಾನು ಶಿಗ್ಗಾಂವಿ ಅತ್ತಿಯ ಸಹಿ ಮಾಡಿದ ಕಾಗದ ಅವಳ ಕೈಗೇ ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡಳು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಅಪ್ಪ ಅಟ್ಟದ ಮೇಲಿನ ಟ್ರಂಕು ಇಳಿಸಿದರು. ಅಜ್ಜನ ಖರೀದಿಪತ್ರ, 2001ನೇ ಇಸವಿಯ ಮೊದಲ ಮುದ್ರಿತ ಉತಾರ, ಯಾವುದೋ ಹತ್ತಿ ವ್ಯಾಪಾರದ ಪಟ್ಟಿ. ನಾಲ್ವರೂ ಅದರ ಸುತ್ತ ಕೂತು, ಆ ಹೊಲ ಕೊಂಡ ವರ್ಷ ಮನೆಯಲ್ಲಿ ಏನೇನು ಮಾರಿದ್ದರು ಅಂತ ಲೆಕ್ಕ ಹಾಕತೊಡಗಿದರು. ಅಜ್ಜಿಯ ಗೆಜ್ಜಿಟಿಕ್ಕಿ ಮಾರಿದ್ದು ಅಪ್ಪನಿಗೆ ಗೊತ್ತೇ ಇರಲಿಲ್ಲ. ಅತ್ತಿಯರಿಗೆ ಗೊತ್ತಿತ್ತು.

ಹಬ್ಬ ಮುಗಿದ ಮರುದಿನ ನಾಲ್ವರೂ ನಾಡಕಚೇರಿಗೆ ಹೋದರು. ಹೋಬಳಿಗೊಂದು ಇರುವ ಈ ಕಚೇರಿಗೆ ಅಟಲ್‌ಜಿ ಜನಸ್ನೇಹಿ ಕೇಂದ್ರ ಅಂತ ಉದ್ದ ಹೆಸರಿದೆ, ಜನ ಅನ್ನುವುದು ನಾಡಕಚೇರಿ ಅಂತಲೇ. ಒಂದು ತಾಸು ‘ಸರ್ವರ್ ಇಲ್ರಿ’. ಈ ವಾಕ್ಯಕ್ಕೆ ಸಕಾಲದಲ್ಲಿ ಗಡುವಿಲ್ಲ. ಸರ್ವರ್ ಬಂದ ಮೇಲೆ ಅರ್ಜಿ, ವಂಶವೃಕ್ಷ, ನಾಲ್ವರ ಆಧಾರ್. ಸ್ವೀಕೃತಿ ಕೈಗೆ ಬಂತು. ಮುಂದಿನದು ಎಲ್ಲ ಪೌತಿ ಖಾತೆಗಳ ದಾರಿಯೇ: ಹಕ್ಕು ಬದಲಾವಣೆಯ ನೋಟಿಸ್ ಊರಲ್ಲಿ ಅಂಟಿಸಿದರು, ತಕರಾರಿಗೆ ಅವಧಿ ಕೊಟ್ಟರು, ತಕರಾರು ಬರಲಿಲ್ಲ, ಸರ್ಕಲ್ ಸಾಹೇಬರು ಅಂದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡಿದರು. ನೋಟಿಸ್ ಅಂಟಿಸಿದ ದಿನ ಅಪ್ಪ ಎರಡು ಸಲ ಪಂಚಾಯ್ತಿ ಕಡೆ ಹೋಗಿ ಓದಿಬಂದರಂತೆ, ತಕರಾರು ಬಂದೀತು ಅಂತಲೋ, ಹೆಸರುಗಳು ಸರಿಯಿವೆಯಾ ಅಂತಲೋ, ನಾನು ಕೇಳಲಿಲ್ಲ.

ಎಲ್ಲ ಬಗೆಹರಿಯಿತು ಅಂತೇನೂ ಅಲ್ಲ. ಜಂಟಿ ಖಾತೆಯ ಮೇಲೆ ಸಾಲ ತೆಗೆಯಬೇಕಾದರೆ ಈಗ ನಾಲ್ವರ ಸಹಿ ಬೇಕು, ಅದಕ್ಕೆ ಅಪ್ಪನ ಗೊಣಗಾಟ ಇದ್ದೇ ಇದೆ. ಹಿರೇಕೆರೂರತ್ತಿಯ ಮಗ ಒಮ್ಮೆ ‘ಪೋಡಿ ಮಾಡಿಸಿದ್ರ ಹೆಂಗ ಮಾಮಾ?’ ಅಂತ ಕೇಳಿದನಂತೆ. ಅತ್ತಿ ಅವನನ್ನು ಬೈದಳು; ಅವನು ಕೇಳಿದ್ದು ತಪ್ಪೂ ಅಲ್ಲ. ಶಿಗ್ಗಾಂವಿ ಅತ್ತಿ ತನ್ನ ಭಾಗ ಬಿಡುಗಡೆ ಪತ್ರ ನೋಂದಣಿ ಮಾಡಿಸಿ ಅಪ್ಪನಿಗೆ ಕೊಡುತ್ತೇನೆ ಅನ್ನುತ್ತಾಳೆ, ದೀಪಾವಳಿ ಆಗಲಿ ಅಂತ ಮುಂದೆ ಹಾಕುತ್ತಾಳೆ. ತಮ್ಮ ಪುಣೆಯಿಂದ ಫೋನ್ ಮಾಡಿದಾಗ ಇದನ್ನೆಲ್ಲ ಕೇಳಿಸಿಕೊಂಡು, ‘ಅಕ್ಕಾ, ಅಪ್ಪನ ಆಮೇಲೆ ನಮ್ಮಿಬ್ಬರದೂ ಹಿಂಗ ಬರತೈತಲ್ಲ?’ ಅಂದ. ಪ್ರಶ್ನೆಯೋ, ಒಪ್ಪಿಗೆಯೋ, ಅವನ ದನಿಯಲ್ಲಿ ನನಗೆ ಗೊತ್ತಾಗಲಿಲ್ಲ. ‘ಬರತೈತಿ’ ಅಂದೆ.

ಹೊಸ ಉತಾರವನ್ನು ನಾನೇ ಡೌನ್‌ಲೋಡ್ ಮಾಡಿ ಮನೆಯ ಗ್ರೂಪಿಗೆ ಹಾಕಿದೆ. 9ನೇ ಕಾಲಂನಲ್ಲಿ ನಾಲ್ಕು ಹೆಸರು. ಶಿಗ್ಗಾಂವಿ ಅತ್ತಿ ಕೈಮುಗಿಯುವ ಚಿತ್ರ ಕಳಿಸಿದಳು. ಹಿರೇಕೆರೂರತ್ತಿಯ ನೀಲಿ ಟಿಕ್ ಮಾತ್ರ ಬಂತು. ಸವಣೂರತ್ತಿ ಫೋನ್ ಮಾಡಿದಳು: ‘ಅಕ್ಷರ ಸಣ್ಣವು ಅದಾವು ತಂಗೀ, ಓದಿ ಹೇಳು.’

ಓದಿ ಹೇಳಿದೆ. ಅವಳ ಹೆಸರು, ಮುಂದೆ ‘ತಂದೆ’ ಅಂತ ಬರೆದು ಅಜ್ಜನ ಹೆಸರು. ಇನ್ನೊಮ್ಮೆ ಓದು ಅಂದಳು. ಓದಿದೆ. ಮರುವಾರ ಬಸ್ಸಿಗೆ ಹೋಗಿ ಸಹಿ ಮುದ್ರೆಯಿದ್ದ ಪ್ರತಿಯನ್ನೇ ತಂದು, ಸವಣೂರಿನ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ, ರೇಷನ್ ಕಾರ್ಡು, ಪಾಸ್‌ಬುಕ್ಕು ಇಡುವ ಡಬ್ಬಿಯಲ್ಲಿ ಇಟ್ಟಿದ್ದಾಳಂತೆ.